ಕೆಲಸ ಕೇಳಿದರೆ ಊಟ ಕೊಡಿಸಿದ ಅರ್ಜಿ ಅಯ್ಯ

ನಿಮ್ಮ ಬಗ್ಗೆ ನೀವೇ ಒಂದು ಹಾಳೆ ಬರೆಯಬೇಕಾದಾಗ ಸುಳ್ಳು ಎಷ್ಟನೇ ಸಾಲಿಗೆ ಶುರುವಾಗುತ್ತದೆ? ನಿಜ ಹೇಳಿ, ನಾನು ಯಾರಿಗೂ ಹೇಳುವುದಿಲ್ಲ. ಮೊನ್ನೆ ಮೊಮ್ಮಗಳು ಕೆಲಸಕ್ಕೆ ಕಳಿಸುವ ಬಯೋಡೇಟಾ ಓದಿ ಹೇಳಿದಳು. ಶ್ರದ್ಧೆ, ನಿಷ್ಠೆ, ಶಿಸ್ತು ಎಲ್ಲ ಇತ್ತು. ಅವಳಿಗೆ ಯಾವ ಕೆಲಸ ಬರುತ್ತದೆ ಅನ್ನುವುದೊಂದು ಬಿಟ್ಟು. ಮೈ ಉರಿದುಹೋಯಿತು. ಕಣ್ಣ ಮುಂದೆ ಒಂದು ಎಡ ಮಂಡಿ ಬಂದು ನಿಂತಿತು.

ಮಹಾರಾಜರ ಕಾಲದಲ್ಲಿ ಹುಣಸೂರಿನ ತಾಲ್ಲೂಕು ಕಚೇರಿ ಎದುರಿನ ಜಗಲಿ ಮೇಲೆ ಅರ್ಜಿ ಬರೆಯುತ್ತಿದ್ದವರ ಮಂಡಿ ಅದು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಅಲ್ಲಿನ ಪಂಚೆಯೆಲ್ಲ ಮಸಿ ಕುಡಿದು ನೀಲಿಯಾಗಿತ್ತು. ಏಳುವಾಗ ಕಾಲು ಜೋಮು ಹಿಡಿದು, ಕಂಬ ತಬ್ಬಿಕೊಂಡು ಕುಣಿಯುತ್ತಿದ್ದರು. ಎಲ್ಲರಿಗೂ ಅವರು ಅರ್ಜಿ ಅಯ್ಯ.

ಬರೆಯುತ್ತಾ ಬರೆಯುತ್ತಾ ಅವರಿಗೇ ಅಳು ಬರುತ್ತಿತ್ತು. "ಸಾಹೇಬ್ರ ಕಣ್ಣು ಒದ್ದೆ ಆಗ್ಬೇಕು ಕಣ್ರಪ್ಪಾ, ಆಗ್ಲೇ ರುಜು ಬೀಳೋದು" ಅನ್ನುತ್ತಿದ್ದರು. ಬಡಗಿ ಬರಲಿ, ಜವಾನನಾಗಬೇಕೆನ್ನುವವನು ಬರಲಿ, ಎಲ್ಲರೂ ಅವರ ಕಾಗದದಲ್ಲಿ ದಿಕ್ಕಿಲ್ಲದ ಅನಾಥರೇ.

ಅಪ್ಪ ಹೋದ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಹತ್ತಿರದ ಹಳ್ಳಿಯಲ್ಲಿದ್ದ ಸೋದರಮಾವನ ಮನೆ ಸೇರಿದ್ದಳು. ಅತ್ತೆ ನಮಗೆ ಮುದ್ದೆ ಇಡುವಾಗಲೆಲ್ಲ ಒಂದು ನಿಟ್ಟುಸಿರು ಬಿಡುವರು. ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವುದರಲ್ಲಿ ಅವ್ವನದು ಎತ್ತಿದ ಕೈ. ಹುಣಸೂರಿನ ಆಸ್ಪತ್ರೆಗೆ ದಾದಿ ಬೇಕಂತೆ, ಅದರ ಹಿಂದೆಯೇ ಇರಲು ಒಂದು ಕೋಣೆಯನ್ನೂ ಕೊಡುತ್ತಾರಂತೆ ಅಂತ ಸುದ್ದಿ ಬಂತು. ಕೋಣೆ ಅಂದರೆ ಸ್ವಂತ ಒಲೆ. ಅವ್ವ ಜಗಲಿಗೆ ಓಡಿದಳು.

ಅಯ್ಯ ಬರೆದರು. ಗಂಡ ಸತ್ತದ್ದು, ಮಗು ಎಳೆಯದು, ಸೂರು ಇಲ್ಲದ್ದು, ಮಹಾಪ್ರಭುಗಳೇ ತಾಯಿ ತಂದೆ. ಓದಿ ಹೇಳಿ ಮೂಗು ಒರೆಸಿಕೊಂಡರು.

"ಅಯ್ಯಾ, ಹೆರಿಗೆ ಮಾಡಿಸ್ತೀನಿ ಅನ್ನೋದು ಎಲ್ಲೈತೆ?" ಅಂದಳು ಅವ್ವ.

"ಸುಮ್ಕಿರವ್ವ. ಹೆಣ್ಣೆಂಗ್ಸು ನಂಗೆ ಅದು ಬತ್ತದೆ, ಇದು ಬತ್ತದೆ ಅಂದ್ರೆ ಗರ್ವ ಅಂತಾರೆ."

ಉತ್ತರ ಬೇಗನೇ ಬಂತು. ಅಯ್ಯ ಬೀಗುತ್ತಾ ಓದಿದರು: ಸದರಿ ಅನಾಥೆಗೂ ಮಗುವಿಗೂ ಧರ್ಮಛತ್ರದಲ್ಲಿ ದಿನಕ್ಕೆ ಒಂದು ಹೊತ್ತು ಊಟ ಹಾಕತಕ್ಕದ್ದು.

"ನೋಡ್ದಾ ನನ್ನ ಕೈಗುಣಾನ!"

"ನಿಮ್ಮ ಕೈಗುಣಕ್ಕೆ ಬೆಂಕಿ ಬೀಳ! ನಾನು ಅನ್ನ ಕೇಳಿದ್ನಾ?" ಅವ್ವ ಬೀದಿಯಲ್ಲೇ ಕೂಗಿದಳು. ಮನೆಗೆ ಹೋದರೆ ಸುದ್ದಿ ಆಗಲೇ ಮುಟ್ಟಿತ್ತು; ಅತ್ತೆ, "ಛತ್ರಕ್ಕೆ ಯಾವಾಗ ಹೊಂಡ್ತೀರಿ?" ಅಂದರು. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಮಾರನೇ ದಿನ ಅವ್ವ ಅವರ ಹಲಗೆಯ ಅಂಚು ಹಿಡಿದು ಕೂತಳು. "ನಾನು ಹೇಳ್ದಂಗೆ ಬರೀರಿ. ಅಡ್ಡ ತಿರುಗಿದ ಮಗೂನ ನೇರ ಮಾಡಿ ತೆಗ್ದಿದ್ದೀನಿ. ಬಿಸಿನೀರಲ್ಲಿ ಕೈ ತೊಳೀದೆ ಬಾಣಂತೀನ ಮುಟ್ಟಾಕಿಲ್ಲ. ಯಾರು ಯಾವೊತ್ನಲ್ಲಿ ಕರುದ್ರೂ ಹೋಯ್ತೀನಿ. ಆಟೇಯ."

"ಇದೇನು ಅರ್ಜೀನೋ, ಜಗಳಾನೋ!" ಗೊಣಗುತ್ತಾ ಬರೆದರು. ಅಭ್ಯಾಸ ಬಿಡಬೇಕಲ್ಲ, ಅವ್ವ ಎಲೆಅಡಿಕೆ ಉಗುಳಲು ಆ ಕಡೆ ತಿರುಗಿದಾಗ ಕೊನೆಗೆ 'ತಮ್ಮ ಪಾದಾರವಿಂದಗಳ ಧೂಳು' ಅಂತ ಸೇರಿಸಿಯೇಬಿಟ್ಟರು.

ಡಾಕ್ಟರಮ್ಮ ಕರೆಸಿ, ಅಡ್ಡ ಮಗುವನ್ನು ಹೇಗೆ ತಿರುಗಿಸಿದೆ, ತೋರಿಸು ಅಂದರಂತೆ. ಅವ್ವ ದಿಂಬಿನ ಮೇಲೆ ತೋರಿಸಿದಳು. ಕೆಲಸ ಸಿಕ್ಕಿತು, ಒಲೆಯೂ ಸಿಕ್ಕಿತು. ನಾನು ಶಾಲೆಯ ಮುಖ ಕಂಡದ್ದು, ಇವತ್ತು ಫೋನಿನಲ್ಲಿ ತಡಕಾಡಿ ಇಷ್ಟು ಅಕ್ಷರ ಒತ್ತುತ್ತಿರುವುದು ಆ ಕಾಗದದಿಂದಲೇ.

ಆದರೆ ಅರ್ಜಿ ಅಯ್ಯ ಊರೆಲ್ಲ ಸಾರಿದ್ದೇನು ಗೊತ್ತೇ? ಕೆಲಸ ಕೊಡಿಸಿದ್ದು ಪಾದಾರವಿಂದವಂತೆ! ಆಮೇಲೂ ಬಂದವರಿಗೆಲ್ಲ ಅದೇ ಅಳು, ಅದೇ ಧೂಳು. ಎಷ್ಟು ಜನ ಛತ್ರದ ಊಟ ಉಂಡರೋ.

ಅವರು ತೀರಿಕೊಳ್ಳುವ ವರ್ಷ ಹಾಸಿಗೆ ಹಿಡಿದಿದ್ದರು. ನೋಡಲು ಹೋದವಳು ಸುಮ್ಮನಿರಲಾರದೆ ಕೆಣಕಿದೆ. "ಈಗಲಾದ್ರೂ ಒಪ್ಕೊಳ್ರಿ ಅಯ್ಯ. ಅವ್ವಂಗೆ ಕೆಲ್ಸ ಕೊಡ್ಸಿದ್ದು ಅವಳಿಗೆ ಬತ್ತಿದ್ದ ಕಸುಬು. ಎಲ್ರುಗೂ ಅಂಗೇ ಬರೆದಿದ್ರೆ ನಿಮ್ಮ ಗಂಟೇನು ಹೋಯ್ತಿತ್ತು?"

ಅವರು ಒಂದು ಕಣ್ಣು ತೆರೆದು ನೋಡಿದರು.

"ನಿಮ್ಮವ್ವಂಗೆ ಕಸುಬು ಬತ್ತಿತ್ತು, ಬರುದ್ವಿ. ಏನೂ ಬರದೋರೇ ದಿನಾ ಬಂದು ಜಗ್ಲಿ ತುಂಬ ಕೂತ್ಕೋತಿದ್ರಲ್ಲ, ಅವ್ರುಗೂ ಹೊಟ್ಟೆ ಇತ್ತಲ್ಲವ್ವಾ. ಅವ್ರುಗೆ ಏನ್ ಬರೀಬೇಕಿತ್ತು? ಹೇಳು, ಬರ್ಕೋತೀನಿ."