ಹನ್ನೊಂದು ವರ್ಷ ಬೆಳೆಯದ ಮಗು

ಉಗಾಂಡ-ಕೀನ್ಯಾ ಗಡಿಯ ಬುಸಿಯಾದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಡಿ ಗೇಟಿನ ಸಾಲಿನಲ್ಲಿ ನೆರಿಮಾ ಏಳನೆಯವರು, ಅವರ ಹಿಂದೆಯೇ ನಾನು. ಅವರ ತಲೆಯ ಮೇಲೆ ಹಳದಿ ಬಟ್ಟೆಯ ಸಿಂಬಿ, ಅದರ ಮೇಲೆ ಎಂಟು ಟ್ರೇ ಮೊಟ್ಟೆ. ಉಗಾಂಡದ ಕಡೆ ಕೊಂಡು ಕೀನ್ಯಾದ ಕಡೆಯ ಚಹಾದಂಗಡಿಗಳಿಗೆ ಹಾಕುವುದು ಅವರ ಕಸುಬು. ಸಾಲಿನಲ್ಲಿ ನಿಂತರೆ ಎಲ್ಲರನ್ನೂ ನಗಿಸುವ ಹೆಂಗಸು ಇವತ್ತು ಗೇಟಿನ ಕಡೆಯೇ ನೋಡುತ್ತಿದ್ದಾರೆ.

ಕಾರಣವಿದೆ. ಸುಂಕವಿಲ್ಲದ ಸರಕುಗಳ ಪಟ್ಟಿ ಬದಲಾಗಿದೆ, ಮೊಟ್ಟೆಯನ್ನು ಕೈಬಿಟ್ಟಿದ್ದಾರೆ ಎಂದು ನಿನ್ನೆ ಸಂತೆಯಲ್ಲಿ ಸುದ್ದಿ. ಸುಂಕ ಕಟ್ಟಿದರೆ ಅವರಿಗೆ ಏನೂ ಗಿಟ್ಟುವುದಿಲ್ಲ. ಆಮೇಲೆ ಉಳಿಯುವುದು ಕಬ್ಬಿನ ಗದ್ದೆಯ ಹಿಂದಿನ ಕಳ್ಳದಾರಿ. ನಾವೆಲ್ಲ ಇಲಿದಾರಿ ಅನ್ನುತ್ತೇವೆ.

"ಮತ್ತೆ ಇಲಿದಾರಿ ಅಂದ್ರೆ ನನ್ ಮಂಡಿ ಇಲ್ಲೇ ರಾಜೀನಾಮೆ ಕೊಡುತ್ತೆ," ಅನ್ನುತ್ತಾರೆ. ಐವತ್ತೆರಡರ ಮಂಡಿ.

ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಆ ದಾರಿಯಲ್ಲಿ ನಡೆದವರು ನೆರಿಮಾ. ಅರವತ್ತು ಮೊಟ್ಟೆಯನ್ನು ಹೊಟ್ಟಿನಲ್ಲಿ ಹುದುಗಿಸಿ, ಇದೇ ಹಳದಿ ಬಟ್ಟೆಯಲ್ಲಿ ಸುತ್ತಿ, ಕೂಸಿನಂತೆ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. "ಕಾವಲಿನವ್ರು ಮೂಟೆ ಬಿಚ್ಚಿಸ್ತಿದ್ರು, ಮಗೂನ ಬಿಚ್ಚಿಸ್ತಿರ್ಲಿಲ್ಲ. ಒಬ್ಬ ಕೇಳೇಬಿಟ್ಟ, 'ಏನಮ್ಮಾ, ನಿನ್ ಮಗು ಹೋದ್ವರ್ಷಾನೂ ಇಷ್ಟೇ ಇತ್ತಲ್ಲ?' ಅಂತ. 'ಇದು ಅದರ ತಮ್ಮ ಕಣಣ್ಣಾ' ಅಂದೆ. ಎಷ್ಟು ಜನ ತಮ್ಮಂದಿರು ಹುಟ್ಟಿದ್ರೋ, ನಂಗೇ ಗೊತ್ತಿಲ್ಲ."

ಒಂದು ಮಳೆಗಾಲ ಹಳ್ಳದಲ್ಲಿ ಜಾರಿ ಅಂಗಾತ ಬಿದ್ದರು. ಅರವತ್ತೂ ಒಡೆದವು. "ಬೆನ್ನೆಲ್ಲ ಲೋಳೆ. ಮೂರು ಮಕ್ಳು ಬಾಗಿಲಲ್ಲೇ ಕಾಯ್ತಾ ಕೂತಿದ್ವು. ಏನಂತ ಹೇಳ್ಲಿ?" ಇದನ್ನು ಹೇಳುವಾಗ ಅವರು ನಗುವುದಿಲ್ಲ, ನನಗೂ ನಗು ಬರುವುದಿಲ್ಲ.

ಸಣ್ಣ ವ್ಯಾಪಾರಿಗಳು ಊರಿನ ಸರಕನ್ನು ಒಂದೇ ಚೀಟಿ ತುಂಬಿ ಗೇಟಿನಲ್ಲೇ ಒಯ್ಯಬಹುದು ಎಂದಾಗಿ ಎರಡು ವರ್ಷವಾಯಿತು. ಮೊದಲ ದಿನ ನೆರಿಮಾ ಚೀಟಿಯಲ್ಲಿ ಮೊಟ್ಟೆ ಎಂದೇ ಬರೆಸಿಕೊಂಡು ಬಂದರು. ಮೊಟ್ಟೆ ಮಾತ್ರ ಕಾಣಲಿಲ್ಲ. ಎಲ್ಲಿ ಎಂದು ಸುಂಕದ ಅಧಿಕಾರಿ ಜೆಬೆಟ್ ಹುಡುಕಿದರೆ, ಕೂಸಾಗಿ ಬೆನ್ನ ಮೇಲಿದೆ!

"ಅಮ್ಮಾ, ಸುಂಕಾನೇ ಇಲ್ದಿರೋದನ್ನ ಯಾಕೆ ಬಚ್ಚಿಡ್ತೀಯಾ?"

"ಅಭ್ಯಾಸ ಮೇಡಂ."

ಸಾಲಿಗೆ ಸಾಲೇ ನಕ್ಕಿತ್ತು.

ಈಗ ಅದೇ ಜೆಬೆಟ್ ಮುಂದೆ ನೆರಿಮಾರ ಸರದಿ. ಜೆಬೆಟ್ ಹೊಸ ಹಾಳೆಯ ಮೇಲೆ ಬೆರಳಾಡಿಸುತ್ತಾರೆ. ಬೆರಳು ಕೆಳಗಿಳಿದಷ್ಟೂ ಟ್ರೇ ಹಿಡಿದ ಕೈಗಳು ಬಿಗಿಯಾಗುತ್ತವೆ. ಕೊನೆಯಿಂದ ಮೂರನೆಯ ಸಾಲಿನಲ್ಲಿ ಬೆರಳು ನಿಲ್ಲುತ್ತದೆ.

"ಮೊಟ್ಟೆ ಇದೆ. ಪಟ್ಟಿ ಹೊಸದು, ಮೊಟ್ಟೆ ಹಳೇದೇ. ಹೋಗಮ್ಮಾ."

ಚೀಟಿಗೆ ಮುದ್ರೆ ಬೀಳುತ್ತದೆ. ನನಗೂ ಹೋದ ಜೀವ ಬಂದಂತಾಗುತ್ತದೆ.

ಗೇಟಿನಾಚೆ ಟ್ರೇ ಇಳಿಸಿ, ಎಣ್ಣೆಯಲ್ಲಿ ಕರಿದ ಮಂದಾಜಿ ಮುರಿದು ಚಹಾದಲ್ಲಿ ಅದ್ದಿ ತಿಂದು ನೆರಿಮಾ ಸಿಂಬಿ ಬಿಚ್ಚಿ ಬಟ್ಟೆಯನ್ನು ತೊಡೆಯ ಮೇಲೆ ಹರಡುತ್ತಾರೆ. ಹಳದಿ ಮಾಸಿದೆ, ಆದರೆ ಎಲ್ಲೂ ಹರಿದಿಲ್ಲ.

"ದೊಡ್ಡ ಮಗಳಿಗೆ ಬರೋ ತಿಂಗಳು ಹೆರಿಗೆ. ಮೊಮ್ಮಗೂನ ಇದ್ರಲ್ಲೇ ಬೆನ್ನಿಗೆ ಕಟ್ಕೊಂಡು ಒಂದ್ಸಲ ಈ ಗೇಟು ದಾಟ್ಬೇಕು. ಯಾರೂ ಕೇಳೋದು ಬೇಡ, ಜೆಬೆಟ್ ಮೇಡಂಗೆ ನಾನೇ ಬಿಚ್ಚಿ ತೋರಿಸ್ತೀನಿ."