ಗೋತ್ರ ಗೊತ್ತಿಲ್ಲದವರಿಗೆ ಬಿಟ್ಟ ನೀರು

ಮೊನ್ನೆ ಚಿಗಳಿ ಮಾಡಲೆಂದು ನಾರ್‌ಕ್ರಾಸಿನ ಅಂಗಡಿಯಿಂದ ತಂದ ಕರಿ ಎಳ್ಳಿನ ಪೊಟ್ಟಣ ಒಡೆದಾಗ, ಒದ್ದೆ ಕೈಗೆ ಒಂದಿಷ್ಟು ಕಾಳು ಅಂಟಿಕೊಂಡವು. ನೆನೆದ ಎಳ್ಳಿನ ಆ ವಾಸನೆಗೆ ಡಾಕ್ಟರ್ ಅಂಕಲ್ ಅವರ ಗ್ಯಾರೇಜು ನೆನಪಾಯಿತು…

ಅಮೆರಿಕದ ಜಾರ್ಜಿಯಾ ರಾಜ್ಯದ ಈ ಕಮ್ಮಿಂಗ್ ಊರಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮೈಸೂರಿನಲ್ಲಿ ಓದಿ, ನಾನು ಹುಟ್ಟುವ ಮೊದಲೇ ಈ ದೇಶಕ್ಕೆ ಬಂದಿದ್ದರು. ಮದುವೆಯಾದದ್ದು ತಮ್ಮದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ, ಉತ್ತರ ಜಾರ್ಜಿಯಾದ ಬಿಳಿಯ ರೈತ ಮನೆತನದ ಹೆಣ್ಣನ್ನು. ಆಂಟಿ ಒಮ್ಮೆ ಚಿತ್ರಾನ್ನ ಕಲಸುತ್ತ ನನಗೂ ಹೇಳಿದ್ದರು: ಅವರ ಅಜ್ಜಿಯ ಅಜ್ಜಿ ಇಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನದವಳಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಅವಳ ಜನರನ್ನೆಲ್ಲ ಸೈನಿಕರು ಪಶ್ಚಿಮಕ್ಕೆ ಅಟ್ಟಿದಾಗ ಬೆಟ್ಟದಲ್ಲಿ ಅಡಗಿ ಉಳಿದ ಮಗುವಂತೆ. ನಾನು ತಲೆಯಾಡಿಸಿದ್ದೆ, ನಂಬಿರಲಿಲ್ಲ. ಈ ಕಡೆಯ ಎಷ್ಟೋ ಮನೆಗಳ ಕಥೆಯಲ್ಲಿ ಇಂಥ ಅಜ್ಜಿಯೊಬ್ಬಳು ಇರುತ್ತಾಳೆ.

2020ರಲ್ಲಿ ಆಂಟಿ ಹೋದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ಕಾಲ. ಅಂಕಲ್ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತಿದ್ದರಂತೆ. ವರ್ಷದ ತಿಥಿ ಹತ್ತಿರ ಬಂದಾಗ ನನ್ನನ್ನು ಕರೆದರು. ಮಂತ್ರದಲ್ಲಿ ಆಂಟಿಗೆ ಅಂಕಲ್ ಅವರದೇ ಗೋತ್ರ, ಅವರದೇ ವಂಶ. ಆಂಟಿಯ ಕಡೆಯ ಒಂದು ಹೆಸರೂ ಬರುವುದಿಲ್ಲ ಎನ್ನುವುದು ಅವರನ್ನು ಕೊರೆಯುತ್ತಿತ್ತು. ಆ ಚೆರೋಕೀ ಅಜ್ಜಿಯ ಹೆಸರು ಹಿಡಿದು ಒಮ್ಮೆಯಾದರೂ ಎಳ್ಳುನೀರು ಬಿಡಬೇಕು ಎಂದರು.

“ನೀನು ಯಾವ್ದನ್ನೂ ನಂಬೋನಲ್ಲ ಕಣಪ್ಪಾ. ಅದಕ್ಕೇ ನೀನೇ ಹುಡುಕಿ ಕೊಡು.”

ಹಳೆಯ ದಾಖಲೆಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಅಟ್ಟುವ ಮೊದಲು ಸರ್ಕಾರ ಮಾಡಿದ ಚೆರೋಕೀ ಮನೆಗಳ ಎಣಿಕೆಯಲ್ಲಿ ಯಜಮಾನರ ಹೆಸರು ಮಾತ್ರ ಇತ್ತು, ಉಳಿದವರು ಬರೀ ಸಂಖ್ಯೆ. ಮಗುವೊಂದು ಅಲ್ಲಿ ಸಿಗುವಂತಿರಲಿಲ್ಲ. ಬೆಟ್ಟದಲ್ಲಿ ಉಳಿದವರ ಪಟ್ಟಿಗಳಲ್ಲೂ ಸಿಗಲಿಲ್ಲ. ಆಂಟಿಯ ಅಜ್ಜಿಯ ಮನೆತನದ ಹೆಸರು ಸಿಕ್ಕಿದ್ದು ಬೇರೆಯೇ ಕಡೆ. ಚೆರೋಕೀ ಜನ ಇನ್ನೂ ಅಲ್ಲಿ ವಾಸವಾಗಿದ್ದಾಗಲೇ ಜಾರ್ಜಿಯಾ ಅವರ ನೆಲವನ್ನು ತುಂಡು ಮಾಡಿ, ಲಾಟರಿ ಎತ್ತಿ ಬಿಳಿಯರಿಗೆ ಹಂಚಿತ್ತು. ಗೆದ್ದವರಲ್ಲಿ ಆ ಮನೆತನದ ಹಿರಿಯನೊಬ್ಬನಿದ್ದ. ಅವನ ಪಾಲಿಗೆ ಬಿದ್ದ ತುಂಡೇ ಆಂಟಿ ಹುಟ್ಟಿ ಬೆಳೆದ ಹೊಲ.

ಅದನ್ನು ತೋರಿಸುವಾಗ ನನ್ನ ದನಿಯಲ್ಲಿ ಸಣ್ಣ ಗೆಲುವಿತ್ತೇ… ಇತ್ತೆಂದೇ ಈಗ ಅನಿಸುತ್ತದೆ. ಅಂಕಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿ ಸಿಗಲಿಲ್ಲವೆಂದರೆ ಇರಲೇ ಇಲ್ಲವೆಂದು ಅರ್ಥವಲ್ಲ ಎಂದು ಗಡಿಬಿಡಿಯಲ್ಲಿ ಸೇರಿಸಿದೆ. ಆ ಸಮಾಧಾನ ಅವರಿಗೆ ಬೇಕಿರಲಿಲ್ಲ.

“ಹಾಗಾದ್ರೆ ನಮ್ಮೋರೇ ತಗೊಂಡಿದ್ದು,” ಎಂದರು. ಅವಳ ಕಡೆಯವರು ಎನ್ನಲಿಲ್ಲ.

ಸೋಂಕಿನ ಭಯಕ್ಕೆ ತಿಥಿ ಗ್ಯಾರೇಜಿನಲ್ಲಿ, ಬಾಗಿಲು ಎತ್ತಿಟ್ಟು ನಡೆಯಿತು. ಆಂಟಿಯ ಪಿಂಡವಿಟ್ಟ ಮೇಲೆ ಅಂಕಲ್, ಆ ಹೊಲದಿಂದ ಹೊರಹಾಕಿಸಿಕೊಂಡವರಿಗೂ ನೀರು ಬಿಡಬೇಕು ಎಂದರು. ಪುರೋಹಿತರು ಮಾಸ್ಕ್ ಸರಿಮಾಡಿಕೊಂಡು ನನ್ನ ಮುಖ ನೋಡಿದರು.

“ಯಾವ ಗೋತ್ರ ಅಂತ ಹೇಳ್ಲಿ ಡಾಕ್ಟ್ರೇ?”

ತಿಳಿಯದು ಎಂದರು ಅಂಕಲ್.

“ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ ಹೇಳ್ತೀವಿ. ಅಡ್ಜಸ್ಟ್ ಆಗತ್ತೆ ಬಿಡಿ.”

“ಬೇಡ ಶಾಸ್ತ್ರಿಗಳೇ. ಅವರಿಗೆ ಅವರದೇ ಕುಲ ಇತ್ತು. ನಮಗೆ ಗೊತ್ತಿಲ್ಲ, ಅಷ್ಟೇ. ನೆಲ ತಗೊಂಡಿದ್ದಾಯ್ತು. ಈಗ ಕುಲಾನೂ ನಾವೇ ಕೊಡೋದು ಬೇಡ.”

ಪುರೋಹಿತರು ಮಂತ್ರ ನಿಲ್ಲಿಸಿದರು. ಮಂತ್ರವಿಲ್ಲದೆ ಬಿಟ್ಟ ನೀರು ಯಾರಿಗೆ ತಲುಪುತ್ತದೋ ಎಂದು ಗೊಣಗಿಕೊಂಡರು. ಅಂಕಲ್ ಮಂತ್ರವಿಲ್ಲದೆಯೇ ಎಳ್ಳುನೀರು ಬಿಟ್ಟರು. ನೆನೆದ ಎಳ್ಳು ಅವರ ಬೆರಳಿಗೆ ಅಂಟಿಕೊಂಡಿತ್ತು. ದೇವರು, ದಿಂಡರು, ಪಿತೃಗಳು ಯಾವುದನ್ನೂ ನಂಬದ ನಾನು ತಲೆ ತಗ್ಗಿಸಿ ನಿಂತಿದ್ದೆ.

ಅಂಕಲ್ ಈಗಿಲ್ಲ. ಬೇರೆ ಊರಿನಲ್ಲಿದ್ದ ಅವರ ಮಗಳು ಬಂದು, ಮನೆ ಮಾರಿ ಶಾರ್ಲೆಟ್‌ಗೆ ಮರಳಿದಳು. ಅಲ್ಲೀಗ ಬೇರೆ ಯಾರೋ ಇದ್ದಾರೆ, ಕೈಬೀಸುವಷ್ಟು ಪರಿಚಯ.

ಲಾಟರಿಗಾಗಿ ಕತ್ತರಿಸಿದ ತುಂಡುಗಳ ಸಂಖ್ಯೆಗಳನ್ನು ಈ ಕಡೆಯ ಮನೆಪತ್ರಗಳಲ್ಲಿ ಈಗಲೂ ಬರೆಯುತ್ತಾರೆ. ನನ್ನದರಲ್ಲೂ ಇದೆ. ಅದನ್ನು ಹಿಡಿದು ನನ್ನ ಹಿತ್ತಲು ಯಾರ ಪಾಲಿಗೆ ಬಿತ್ತು, ಅದಕ್ಕೂ ಮೊದಲು ಇಲ್ಲಿ ಯಾರ ಒಲೆ ಉರಿಯುತ್ತಿತ್ತು ಎಂದು ಹುಡುಕಲು ಒಂದು ಸಂಜೆ ಸಾಕಾದೀತು. ಇನ್ನೊಬ್ಬರ ಅಜ್ಜಿಗೆ ಆಧಾರ ಕೇಳಿದವನು ನಾನು. ಆ ಕೆಲಸಕ್ಕೆ ಇನ್ನೂ ಕೂತಿಲ್ಲ.