ಕಾಕಾ ಬಿಟ್ಟುಹೋದ ಚಾರ್ಜರ್

ಮಾರುತಿ ಕಾಕಾ, ನಿಮ್ಮ ಚಾರ್ಜರ್ ಏನನ್ನೂ ಸುಟ್ಟಿರಲಿಲ್ಲ. ನಿಮ್ಮ ಮಗಳು ರೇಣುಕಾಳ ವಿಡಿಯೋಗಳನ್ನೆಲ್ಲ ಅಳಿಸಿದವಳು ನಾನು. ಅದನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನೇ.

ಮೂರು ವರ್ಷದಿಂದ ಇಷ್ಟು ಮಾತನ್ನು ಬಾಯಿಯವರೆಗೆ ತಂದು ನುಂಗುತ್ತ ಬಂದಿದ್ದೇನೆ. ಧೈರ್ಯ ಇರಲಿಲ್ಲ ಅನ್ನಬಹುದು — ಆದರೆ ಸುಳ್ಳು ಹೇಳುವಾಗ ಧೈರ್ಯಕ್ಕೇನೂ ಕೊರತೆ ಆಗಿರಲಿಲ್ಲವಲ್ಲ.

ಆ ದಿನ ನೀವು ಗಂಡ-ಹೆಂಡತಿ ಇಬ್ಬರೂ ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಿರಿ. ಸದಾಶಿವನಗರದ ನನ್ನ ರಿಪೇರಿ ಅಂಗಡಿಯ ಬಾಗಿಲನ್ನು ಆಗಷ್ಟೇ ತೆಗೆದಿದ್ದೆ. ಕಾಕು ಸೆರಗಿನಲ್ಲಿ ಸುತ್ತಿ ತಂದ ಟ್ಯಾಬ್, ಆನ್ ಮಾಡಿದರೆ ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು.

“ನಮ್ಮ ರೇಣಿಗೆ ಕಿವಿ ಕೇಳತಿರಲಿಲ್ಲವಾ, ಮಾತೂ ಬರತಿರಲಿಲ್ಲ,” ಎಂದರು ಕಾಕು. “ಎಲ್ಲಾ ಕೈಲೇ ಹೇಳಾಕಿ. ಜ್ವರ ಬಂದು ಹೋಗಿಬಿಟ್ಲು. ಅಕಿ ಮಾತೆಲ್ಲಾ ಇದರಾಗ ಅದಾವ. ಬ್ಯಾರೆ ಎಲ್ಲೂ ಇಲ್ಲ.”

ಅವಳ ಕೈಮಾತು ಶಾಲೆಯಲ್ಲಿ ಕಲಿತದ್ದಲ್ಲ, ನೀವು ಮೂವರೇ ಮನೆಯಲ್ಲಿ ಕಟ್ಟಿಕೊಂಡದ್ದು. ‘ಅಪ್ಪ’ ಅನ್ನಲು ಅವಳು ಮುಂಗೈ ಒರೆಸಿ ತೋರಿಸುತ್ತಿದ್ದಳಂತೆ — ನೀವು ಹಂಚಿನ ಕಾರ್ಖಾನೆಯಿಂದ ಬಂದು ಕೆಂಪು ಧೂಳು ಒರೆಸಿಕೊಳ್ಳುವ ಹಾಗೆ. ಕಾಕು ಅದನ್ನು ಮಾಡಿ ತೋರಿಸಿದಾಗ ನೀವು ನಾಚಿಕೊಂಡು ನಕ್ಕಿರಿ. ಕಾರ್ಖಾನೆಯಲ್ಲಿ ಬುತ್ತಿ ಬಿಚ್ಚಿದ ಹೊತ್ತಿಗೆ ದಿನವೂ ಆ ವಿಡಿಯೋಗಳನ್ನೇ ನೋಡುತ್ತ ಕೂರುತ್ತೇನೆ ಎಂದಿರಿ.

ನನ್ನದೊಂದು ರೂಢಿಯಿತ್ತು. ಒಳಗಿನದು ಬೇಕೋ ಬೇಡವೋ ಎಂದು ಗಿರಾಕಿಯನ್ನು ಕೇಳಿ, ಬಿಳಿ ಟೇಪಿನ ಮೇಲೆ ಬರೆದು ಹಿಂಬದಿಗೆ ಅಂಟಿಸುವುದು. ಊರಲ್ಲಿ ಬೇರೆ ಯಾರೂ ಹೀಗೆ ಮಾಡುವುದಿಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನಿಮ್ಮದಕ್ಕೂ ಬರೆದೆ — ‘ಎಲ್ಲ ಬೇಕು’. ಅಂಟಿಸಿದೆ. ಆಮೇಲೆ ಟ್ಯಾಬನ್ನು ಮೇಜಿನ ಮೇಲೆ ಮಲಗಿಸಿದೆ. ಬರೆದದ್ದು ಕೆಳಗೆ ಹೋಯಿತು.

ನೀವು ಚಹಾಕ್ಕೆ ಹೋದಿರಿ. ಕಂಪ್ಯೂಟರಿಗೆ ವೈರ್ ಜೋಡಿಸಿ ಟ್ಯಾಬಿಗೆ ಹೊಸದಾಗಿ ಸಾಫ್ಟ್‌ವೇರ್ ಹಾಕುವ ಕೆಲಸ ಅದು. ಒಳಗಿನದನ್ನು ಉಳಿಸಿಕೊಂಡು ಹಾಕಲೂ ಬರುತ್ತದೆ, ಎಲ್ಲ ಅಳಿಸಿ ಹಾಕಲೂ ಬರುತ್ತದೆ. ಯಾವುದು ಎಂದು ಮೊದಲೇ ಆರಿಸಬೇಕು. ಹಿಂದಿನ ದಿನ ಯಾರದೋ ಟ್ಯಾಬಿಗೆ ‘ಎಲ್ಲ ಅಳಿಸು’ ಎಂದು ಆರಿಸಿದ್ದೆ — ಅದು ಹಾಗೇ ಇತ್ತು. ನಾನು ನೋಡಲಿಲ್ಲ. ಫೋನಿನಲ್ಲಿ ಗೆಳತಿಯ ಜೊತೆ ನಗುತ್ತ ಗುಂಡಿ ಒತ್ತಿದೆ. ಕೆಂಪು ಗೆರೆ ಓಡಿತು, ಹಳದಿ ಗೆರೆ ಓಡಿತು, ಕೊನೆಗೆ ಕೆಲಸ ಮುಗಿಯಿತೆಂಬ ಹಸಿರು ಗುರುತು ಬಂತು. ಆಗ ಆರಿಸಿದ್ದು ಏನೆಂದು ಕಣ್ಣಿಗೆ ಬಿತ್ತು.

ಟ್ಯಾಬ್ ಹೊಸದರಂತೆ ಎದ್ದು, ಯಾವ ಭಾಷೆ ಬೇಕು ಎಂದು ಕೇಳುತ್ತಿತ್ತು.

ನೀವು ಬಾಗಿಲಿಗೆ ಬಂದಿರಿ. ಆಗಲಾದರೂ ಹೇಳಬಹುದಿತ್ತು — ನಿಮ್ಮ ಮುಖ ನೋಡಿ ಹೇಳಬೇಕಿತ್ತು — ಆದರೆ ನನ್ನ ಬಾಯಿಂದ ಬಂದದ್ದು ಬೇರೆ. “ಬ್ಯಾರೆ ಚಾರ್ಜರ್ ಹಾಕಿದ್ರೇನ್ರಿ ಕಾಕಾ? ಅದಕ್ಕ ಒಳಗಿಂದೆಲ್ಲಾ ಸುಟ್ಟೈತಿ.”

“ಹೌದವಾ,” ಎಂದಿರಿ. “ಕಾರ್ಖಾನ್ಯಾಗ ನಾನ ಹಾಕಿದ್ನಿ.”

ಕಾಕು ನಿಮ್ಮತ್ತ ತಿರುಗಿ ನೋಡಿದರು. ನೀವು ಮುಂಗೈ ಒರೆಸಿಕೊಂಡಿರಿ — ಅವತ್ತು ಧೂಳೇನೂ ಇರಲಿಲ್ಲ. ಚೀಲದಿಂದ ಆ ಚಾರ್ಜರ್ ತೆಗೆದು ನನ್ನ ಮೇಜಿನ ಮೇಲಿಟ್ಟು, “ಇದನ್ನ ಇಲ್ಲೇ ಒಗದಬಿಡವಾ,” ಎಂದಿರಿ. ಹೋಗುವಾಗ ಕಾಕು ನನಗೆ ಕೈ ಮುಗಿದರು. ನನಗೆ!

ನಾನು ಅದನ್ನು ಎಸೆಯಲಿಲ್ಲ. ಅಂದೇ ಮಧ್ಯಾಹ್ನ ಕರೆಂಟ್ ಅಳೆಯುವ ಮೀಟರ್ ಹಿಡಿದು ನೋಡಿದೆ — ನಿಮ್ಮದೇ ತಪ್ಪಿರಲಿ ಎಂಬ ಆಸೆಯಿಂದ. ಅದರಲ್ಲಿ ಒಂದು ದೋಷವೂ ಇರಲಿಲ್ಲ. ಇವತ್ತಿಗೂ ಅಂಗಡಿಗೆ ಬರುವ ಫೋನುಗಳನ್ನು ಅದರಿಂದಲೇ ಚಾರ್ಜ್ ಮಾಡುತ್ತೇನೆ.

ಹೋದ ವಾರ ಕಾಕು ಒಬ್ಬರೇ ತಮ್ಮ ಫೋನಿನ ಗಾಜು ಹಾಕಿಸಲು ಬಂದಿದ್ದರು. ನೀವು ಹೇಗಿದ್ದೀರಿ ಎಂದು ಕೇಳಿದೆ. “ಈಗ ಏನೂ ಮುಟ್ಟಂಗಿಲ್ಲವಾ ಅವ್ರು. ಮಿಕ್ಸರಿನ ವೈರ್ ಸೈತ ನನ್ನ ಕಡೆನ ಹಚ್ಚಸ್ತಾರ,” ಎಂದರು. ಆಮೇಲೆ, “ಆವತ್ತು ಬಸ್ಸಿನ್ಯಾಗ ಒಂದ ಮಾತು ಅಂದೆ. ಎರಡನೇ ಸಲ ಮಗಳನ್ನ ನೀವ ಕಳದ್ರಿ ಅಂದೆ. ಅದರ ಮ್ಯಾಲ ನಮ್ಮಿಬ್ಬರದು ಮಾತ ಕಡಿಮಿ ಆತು,” ಎಂದರು.

ನಾನು ಗಾಜು ಅಂಟಿಸುತ್ತಲೇ ಇದ್ದೆ. ಆಗಲೂ ಹೇಳಲಿಲ್ಲ, ಕಾಕಾ. ಅವರು ಹೋದ ಮೇಲೆ ಶಟರ್ ಎಳೆದುಕೊಂಡು ಅತ್ತೆ. ಆ ಅಳು ಯಾರಿಗೆ ಬೇಕು?

ರೇಣುಕಾಳ ಕೈಮಾತನ್ನು ನಾನು ತಂದುಕೊಡಲಾರೆ. ಯಾರ ಹತ್ತಿರವೂ ಆಗುವುದಿಲ್ಲ. ಊರಿನ ಎಲ್ಲ ಅಂಗಡಿಗಳಲ್ಲಿ ಕೇಳಿ ನೋಡಿದ್ದೇನೆ. ಅವಳು ‘ಅಪ್ಪ’ ಅನ್ನುವುದನ್ನು ನೀವು ಇನ್ನು ನೋಡಲಾರಿರಿ. ಅದು ನನ್ನಿಂದ.

ಈ ಭಾನುವಾರ ಖಾನಾಪುರಕ್ಕೆ ಬರುತ್ತೇನೆ. ಈ ಪತ್ರವನ್ನು ನಿಮ್ಮ ಕೈಗಿಟ್ಟು ಓಡಿಬರುವುದಿಲ್ಲ. ಸುಳ್ಳನ್ನು ಕಾಕು ಎದುರಿಗೆ ಹೇಳಿದ್ದೆ, ನಿಜವನ್ನೂ ಅವರೆದುರಿಗೇ ಹೇಳಬೇಕು. ನಿಮ್ಮ ಚಾರ್ಜರ್ ತರುತ್ತೇನೆ. ನಿಮ್ಮ ಮನೆಯ ಗೋಡೆಯ ಪ್ಲಗ್ಗಿಗೇ ಅದನ್ನು ಹಚ್ಚಿ, ಕಾಕು ಫೋನಿಗೆ ಜೋಡಿಸಿ, ಅದು ಚಾರ್ಜ್ ಆಗುವುದನ್ನು ಅವರ ಕಣ್ಣಿಗೆ ತೋರಿಸುತ್ತೇನೆ. ಆಮೇಲೆ ಅವರು ಏನನ್ನುತ್ತಾರೋ ಅನ್ನಲಿ — ಈ ಸಲ ನನಗೆ ಅನ್ನಲಿ.